ಸ್ತೋತ್ರಣ್ಣನ ಅರ್ಧ ಕ್ಷೌರ

ನಮ್ಮ ಬೀದಿಯ ಕ್ಷೌರಿಕನಿಗೆ ಹೆತ್ತವರು ಇಟ್ಟ ಹೆಸರು ಏನೆಂದು ಅವನ ಹೆಂಡತಿಯನ್ನು ಕೇಳಿದರೂ ಆಕೆ ಒಂದು ಗಳಿಗೆ ಯೋಚಿಸುತ್ತಾಳೆ. ಎಲ್ಲರಿಗೂ ಅವನು ಸ್ತೋತ್ರಣ್ಣ. ಬಾಯಿ ತೆರೆದರೆ ಒಂದು ಸ್ತೋತ್ರ, ಮುಚ್ಚುವ ಮುನ್ನ ಇನ್ನೊಂದು. ಮೊದಮೊದಲು 'ದೇವರಿಗೆ ಸ್ತೋತ್ರ' ಎಂದು ಪೂರ್ತಿ ಹೇಳುತ್ತಿದ್ದನಂತೆ. ಗಿರಾಕಿಗಳು ಹೆಚ್ಚಾದ ಹಾಗೆ ಬಿಡುವು ಕಡಿಮೆಯಾಗಿ ದೇವರು ಉದುರಿಹೋದ, ಬರೀ ಸ್ತೋತ್ರ ಉಳಿಯಿತು.

ಅವನು ಒಂದು ದಿನಕ್ಕೆ ಹೇಳುವ ಸ್ತೋತ್ರಗಳನ್ನು ಒಂದರ ಪಕ್ಕ ಒಂದು ಜೋಡಿಸಿದರೆ ಅವು ಅಂಗಡಿಯಿಂದ ಹೊರಟು ರೈಲು ನಿಲ್ದಾಣ ಮುಟ್ಟಿ, ಅಲ್ಲಿಂದ ಟಿಕೆಟ್ಟಿಲ್ಲದೆ ಎರಡು ಊರು ದಾಟುತ್ತವೆ ಎಂದು ನಾನು ಹಿಂದೊಮ್ಮೆ ಹೇಳಿದ್ದೆ. ಅದು ಉತ್ಪ್ರೇಕ್ಷೆ. ಒಂದೇ ಊರು ದಾಟುತ್ತವೆ.

ಅಂಗಡಿಗೆ ಒಂದು ಬಾಗಿಲು, ಎರಡು ಕುರ್ಚಿ, ಗೋಡೆಯುದ್ದಕ್ಕೂ ಒಂದು ಕನ್ನಡಿ. ಎರಡು ಕುರ್ಚಿಗಳಲ್ಲಿ ಒಂದು ಕೂರುವುದಕ್ಕೆ. ಇನ್ನೊಂದು, ಅದು ಕೆಟ್ಟಾಗ ಬಿಚ್ಚಿಕೊಳ್ಳುವ ಸಾಮಾನಿಗೆ. ನಾಲ್ಕು ಜನ ಹಿಡಿಸುವ ಬೆಂಚಿನ ಮೇಲೆ ಸದಾ ಏಳು ಜನ. ಅವರಲ್ಲಿ ಕ್ಷೌರಕ್ಕೆ ಬಂದವರು ಇಬ್ಬರು. ಬೆಳಗ್ಗೆ ಬಾಗಿಲೆತ್ತಿ, ನೆಲ ಗುಡಿಸಿ, ನೀರು ಕಾಯಿಸಲು ಇಟ್ಟು, ಅವನು ಖಾಲಿ ಕುರ್ಚಿಯ ಬೆನ್ನಿನ ಮೇಲೆ ಎರಡೂ ಕೈಯಿಟ್ಟು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಾನೆ. ಇವತ್ತು ಈ ಕುರ್ಚಿಯಲ್ಲಿ ಕೂರುವವರನ್ನೆಲ್ಲ ಆಶೀರ್ವದಿಸಪ್ಪಾ ಎಂದು ಶುರುವಾದರೆ, ನೀರು ಕುದಿದು, ಆರಿ, ಎರಡನೆಯ ಸಲ ಕುದಿಯುವವರೆಗೂ ಅದು ಮುಗಿಯುತ್ತಿರಲಿಲ್ಲ. ಮೊದಲ ಗಿರಾಕಿ ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದ. ಆ ಕೆಮ್ಮನ್ನೇ ಸ್ತೋತ್ರಣ್ಣ ಆಮೆನ್ ಎಂದು ತಿಳಿದು ಕಣ್ಣು ಬಿಡುತ್ತಿದ್ದ.

ಅವನ ಭಕ್ತಿ ಸುಳ್ಳೆಂದು ಯಾರೂ ಹೇಳುವಂತಿಲ್ಲ. ಹಾಸಿಗೆ ಹಿಡಿದವರ ಮನೆಗೆ ತಾನೇ ಪೆಟ್ಟಿಗೆ ಹೊತ್ತುಕೊಂಡು ಹೋಗಿ ಗಡ್ಡ ತೆಗೆದು ಬರುತ್ತಿದ್ದ. ಆದರೆ ಸ್ತೋತ್ರ ಎಂಬ ಆ ಒಂದು ಮಾತು ಮಾತ್ರ ಅವನ ಕೈಮೀರಿ ಹೋಗಿತ್ತು. ಮಗ ಪಾಸಾದ ಎಂದರೆ ಸ್ತೋತ್ರ. ಮಗ ಎರಡನೆಯ ಸಲವೂ ಫೇಲಾದ ಎಂದರೂ ಸ್ತೋತ್ರ. ಬೇಕರಿ ಅಕ್ಕ ಓಡಿಬಂದು, "ಒಲೆಗೆ ಬೆಂಕಿ ಹತ್ತಿಬಿಟ್ಟಿದೆ, ಯಾರಾದ್ರೂ ಬನ್ನಿ" ಎಂದಾಗ, ಕತ್ತರಿ ನಿಲ್ಲಿಸದೆ ಸ್ತೋತ್ರ ಎಂದಿದ್ದ. ಒಮ್ಮೆ ನನ್ನ ಕಿವಿಯ ತುದಿಗೇ ಕತ್ತರಿ ತಾಗಿ, ನಾನು ಅಯ್ಯೋ ಎಂದೆ, ಅವನು ಸ್ತೋತ್ರ ಎಂದು ಗಾಯಕ್ಕೆ ಪಟಿಕದ ಕಲ್ಲು ಒತ್ತಿದ. ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಗೋಡೆ ಗಡಿಯಾರ ಟಿಕ್ ಎಂದರೆ ಯಾಕೆ ಹಾಗೆಂದೆ ಎಂದು ಯಾರು ಕೇಳುತ್ತಾರೆ?

ಭಾನುವಾರದ ಆರಾಧನೆಯಲ್ಲಂತೂ ಅವನೇ ಮುಂದಾಳು. ಮೂರನೆಯ ಸಾಲಿನಿಂದ ಅವನ ಸ್ತೋತ್ರ ಎದ್ದರೆ ಕಿಟಕಿಯ ಗಾಜು ನಡುಗಿ, ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದವರೆಲ್ಲ ಎಚ್ಚೆತ್ತು ಆಮೆನ್ ಎನ್ನುತ್ತಿದ್ದರು. ಸಭಾಪಾಲಕರು ಎಷ್ಟೋ ವರ್ಷದಿಂದ ಪ್ರಸಂಗ ಬರೆಯುವಾಗಲೇ ಮೂರು ಕಡೆ ಜಾಗ ಬಿಟ್ಟು ಬರೆಯುತ್ತಿದ್ದರು. ಅಲ್ಲಿ ಇವನ ಸ್ತೋತ್ರ ಬರುತ್ತದೆ, ಅಷ್ಟರಲ್ಲಿ ಒಂದು ಗುಟುಕು ನೀರು ಕುಡಿಯಬಹುದು.

ಅವನ ಪಕ್ಕದಲ್ಲಿ ಕೂರುತ್ತಿದ್ದವನು ಎದುರಂಗಡಿಯ ದರ್ಜಿ. ಇಬ್ಬರದೂ ಮೂವತ್ತು ವರ್ಷದ ಸ್ನೇಹ. ಒಬ್ಬರನ್ನೊಬ್ಬರು ಬೀಗರೇ ಎಂದೇ ಕರೆಯುವುದು. ಮಕ್ಕಳಿಗೆ ಮದುವೆ ಮಾಡಿಕೊಳ್ಳೋಣ ಎಂದು ಹರೆಯದಲ್ಲೇ ಮಾತಾಗಿತ್ತು. ಇವನಿಗೆ ಎರಡು ಗಂಡು, ಅವನಿಗೆ ಮೂರು ಗಂಡು ಹುಟ್ಟಿದವು. ಮದುವೆ ಆಗಲಿಲ್ಲ, ಬೀಗತನ ಉಳಿಯಿತು. ದರ್ಜಿ ಮಾತನ್ನೂ ಬಟ್ಟೆಯಂತೆಯೇ ಅಳೆದು, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಆಮೇಲೆ ಕತ್ತರಿಸುವವನು. ವಾರವೆಲ್ಲ ಆಡಿದರೆ ಇಪ್ಪತ್ತು ಮಾತು, ಅದರಲ್ಲಿ ಹತ್ತು ಅಳತೆ.

ದರ್ಜಿಯ ಮನೆ ಅಂಗಡಿಯ ಹಿಂದೆಯೇ. ಅವನ ಅಮ್ಮನಿಗೆ ತೊಂಬತ್ತೊಂದು. ಅಂಗಡಿಯ ಕಿಟಕಿಯ ಪಕ್ಕ ಕೂತು ಗುಂಡಿ ಹೊಲಿಯುವುದು ಆಕೆಯ ಕೆಲಸ. ಇವರಿಬ್ಬರನ್ನೂ "ನನ್ನ ಕತ್ತರಿ ಮಕ್ಕಳು" ಎನ್ನುತ್ತಿದ್ದಳು. ತಿಂಗಳಿಗೆ ಎರಡು ಸಲ ಯಾರಿಗೂ ಹೇಳದೆ ಕೈಚೀಲ ಹಿಡಿದು ಬಸ್ಸು ಹತ್ತಿ ಮಗಳ ಊರಿಗೆ ಹೋಗಿಬಿಡುತ್ತಿದ್ದಳು. ಆಮೇಲೆ ದರ್ಜಿ ಬೀದಿ ದಾಟಿ ಬಂದು "ಅಮ್ಮ ಹೋದ್ರು" ಎನ್ನುತ್ತಿದ್ದ, ಇವನು "ಸ್ತೋತ್ರ, ಯಾವ ಬಸ್ಸಿಗೆ?" ಎನ್ನುತ್ತಿದ್ದ, ಇಬ್ಬರೂ ಸೇರಿ ಬಸ್ ನಿಲ್ದಾಣಕ್ಕೆ ಫೋನು ಮಾಡುತ್ತಿದ್ದರು. ಇದು ವರ್ಷಗಳಿಂದ ನಡೆದು ಬಂದ ಪದ್ಧತಿ.

ಒಂದು ಮಂಗಳವಾರ ಅಂಗಡಿ ತೆರೆಯುವ ಹೊತ್ತಿಗೆ ಸರಿಯಾಗಿ ದರ್ಜಿ ಬಂದು ಕುರ್ಚಿಯಲ್ಲಿ ಕೂತ. ಮುಖದಲ್ಲಿ ಐದು ದಿನದ ಗಡ್ಡ. ಸ್ತೋತ್ರಣ್ಣ ಬಟ್ಟೆ ಹೊದಿಸಿ, ನೊರೆ ಹಚ್ಚಿ, ಬಲಗೆನ್ನೆಯ ಮೇಲೆ ಕತ್ತಿ ಆಡಿಸುತ್ತ, ಹಿಂದಿನ ದಿನ ಒಬ್ಬ ಗಿರಾಕಿ ತನ್ನ ಕನ್ನಡಕ ಹಾಕಿಕೊಂಡೇ ಗಡ್ಡ ತೆಗೆಸಿಕೊಂಡ ಕಥೆಯನ್ನು ಹೇಳುತ್ತಿದ್ದ. ಬಲಗೆನ್ನೆ ಮುಗಿಯಿತು. ಅವನು ತಿರುಗಿ ಚರ್ಮದ ಪಟ್ಟಿಗೆ ಕತ್ತಿ ಮಸೆಯತೊಡಗಿದ.

"ಅಮ್ಮ ಹೋದ್ರು," ಎಂದ ದರ್ಜಿ.

"ಸ್ತೋತ್ರ," ಎಂದ ಇವನು ತಿರುಗದೆ. "ಯಾವ ಬಸ್ಸಿಗೆ?"

ತಿರುಗಿ ನೋಡಿದರೆ ಕುರ್ಚಿಯ ಮೇಲೆ ಬಟ್ಟೆ ಮಾತ್ರ ಇತ್ತು. ದರ್ಜಿ ಎಡಗೆನ್ನೆಯ ನೊರೆಯನ್ನು ತೋಳಿನಲ್ಲಿ ಒರೆಸಿಕೊಳ್ಳುತ್ತ ಬೀದಿ ದಾಟುತ್ತಿದ್ದ. ಇವನಿಗೆ ಇನ್ನೂ ಹೊಳೆಯಲಿಲ್ಲ. ಅವಸರದ ಬಸ್ಸು ಇರಬೇಕು ಎಂದುಕೊಂಡ. ಹತ್ತು ನಿಮಿಷದ ಮೇಲೆ ಬೇಕರಿ ಅಕ್ಕ ಕಣ್ಣೊರೆಸಿಕೊಳ್ಳುತ್ತ ಬಂದು, ಬೆಳಗ್ಗೆ ಆರು ಗಂಟೆಗೆ ಅಮ್ಮ ತೀರಿಕೊಂಡರು ಎಂದಳು. ಆಗ ಸ್ತೋತ್ರಣ್ಣನ ಬಾಯಿ ಅಭ್ಯಾಸದಂತೆ ತೆರೆಯಿತು. ಒಳಗಿನಿಂದ ಏನೂ ಬರಲಿಲ್ಲ. ಅವನು ಕೆಟ್ಟ ಕುರ್ಚಿಯ ಮೇಲೆ ಕೂತುಬಿಟ್ಟ. ಅದು ಒಂದು ಕಡೆಗೆ ವಾಲಿತು, ಅವನೂ ಹಾಗೇ ವಾಲಿಕೊಂಡು ಮಧ್ಯಾಹ್ನದವರೆಗೆ ಕೂತಿದ್ದ.

ಸಮಾಧಿ ಮಾಡುವ ಹೊತ್ತಿಗೂ ದರ್ಜಿ ಅರ್ಧ ಮುಖದಲ್ಲೇ ಬಂದ. ಬಲಗಡೆಯಿಂದ ಬಂದವರು ಅವನನ್ನು ಗುರುತಿಸಿ ಕೈಹಿಡಿದು ಸಮಾಧಾನ ಹೇಳಿದರು. ಎಡಗಡೆಯಿಂದ ಬಂದವರು ಯಾರೋ ದೂರದ ನೆಂಟರೆಂದು ತಿಳಿದು ದಾಟಿಹೋದರು. ಸ್ತೋತ್ರಣ್ಣ ಎಲ್ಲರ ಹಿಂದೆ, ಗೋಡೆಗೆ ಅಂಟಿಕೊಂಡು ನಿಂತಿದ್ದ. ಎತ್ತರದ ಆಳು, ಬಚ್ಚಿಟ್ಟುಕೊಳ್ಳಲು ಗೋಡೆ ಸಾಲಲಿಲ್ಲ.

ಮೂರನೆಯ ದಿನ ಕ್ಷಮೆ ಕೇಳಲು ಹೋದ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡ. ದಾರಿ ಎಂದರೆ ಹದಿನಾಲ್ಕು ಹೆಜ್ಜೆ. ಅದನ್ನೇ ನಾಲ್ಕು ಸಲ ಹೋಗಿ ಬಂದ. ಬಾಗಿಲಲ್ಲಿ ನಿಂತು, ದರ್ಜಿಯ ಮುಖ ನೋಡಿ, ಗಂಟಲು ಸರಿಮಾಡಿಕೊಂಡು ಅಂದದ್ದು ಏನು?

"ಸ್ತೋತ್ರ, ಬೀಗರೇ."

ದರ್ಜಿಯ ಮುಖ ಒಂದು ಥರ ಆಯಿತು. ಅವನು ಎದ್ದು ಬಂದು ಇವನ ಮೂಗಿನ ಮುಂದೆಯೇ ಬಾಗಿಲು ಎಳೆದುಕೊಂಡ.

ಸ್ತೋತ್ರಣ್ಣ ವಾಪಸು ಬಂದಾಗ ಹೆಂಡತಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಗೆದ ಟವೆಲುಗಳನ್ನು ಮಡಿಸುತ್ತಿದ್ದಳು. ನಡೆದದ್ದನ್ನು ಹೇಳಿದ.

"ಮತ್ತೆ ಅದೇ ಅಂದ್ರಾ?"

"ಬಾಯಿಗೆ ಬಂದುಬಿಡ್ತು."

"ರೀ, ನಿಮ್ಮ ಸ್ತೋತ್ರ ನಿಮ್ಮ ಅಂಗಡಿ ಕೂದಲು ಇದ್ದ ಹಾಗೆ. ಬೀಳ್ತಾನೇ ಇರುತ್ತೆ. ಗುಡಿಸೋರು ಬೇರೆಯವರು."

"ದೇವರ ಮಾತು ಕಣೇ ಅದು."

"ದೇವರ ಮಾತಾದ್ರೆ ದೇವರಿಗೆ ಹೇಳಿ. ನೀವು ಗಾಳಿಗೆ ಹೇಳ್ತೀರಿ." ಆಕೆ ಟವೆಲು ಕೊಡವಿದಳು. "ಇವತ್ತಿಂದ ನೀವು ಸ್ತೋತ್ರ ಅಂದಾಗೆಲ್ಲ ನಾನು ಯಾವುದಕ್ಕೆ ಅಂತ ಕೇಳ್ತೀನಿ. ಉತ್ತರ ಇದ್ರೆ ಸರಿ. ಇಲ್ದಿದ್ರೆ ಅವತ್ತಿನ ಟವೆಲು ನೀವೇ ಒಗೀಬೇಕು."

"ಸ್ತೋತ್ರ," ಎಂದು ನಿಟ್ಟುಸಿರು ಬಿಟ್ಟ ಸ್ತೋತ್ರಣ್ಣ.

"ಯಾವುದಕ್ಕೆ?"

ಅವನು ಬಕೆಟ್ಟು ಎತ್ತಿಕೊಂಡ.

ಇಂಥ ಸುದ್ದಿ ಬೆಂಚಿಗೆ ತಲುಪಲು ಎಷ್ಟು ಹೊತ್ತು ಬೇಕು? ಮರುದಿನ ಬೆಳಗ್ಗೆ ಏಳೂ ಜನ ಕಿವಿ ನಿಮಿರಿಸಿ ಕೂತಿದ್ದರು. ಅವನ ಬಾಯಿಂದ ಮಾತು ಜಾರುವುದೇ ತಡ, ಏಳು ಗಂಟಲಿಂದ ಒಟ್ಟಿಗೆ "ಯಾವುದಕ್ಕೆ?" ಮೊದಲ ದಿನ ಬಿಸಿನೀರಿಗೆ, ಸೋಪಿಗೆ, ಕತ್ತಿಯ ಹರಿತಕ್ಕೆ, ಕನ್ನಡಿಗೆ, ಕುರ್ಚಿಗೆ, ಕೆಟ್ಟ ಕುರ್ಚಿಗೆ ಎಂದು ಹೇಗೋ ಸಂಭಾಳಿಸಿದ. ಹನ್ನೊಂದು ಗಂಟೆಯಷ್ಟರಲ್ಲಿ ಅಂಗಡಿಯ ಸಾಮಾನೆಲ್ಲ ಮುಗಿಯಿತು. ಫ್ಯಾನಿನಲ್ಲಿ ಉಳಿದಿರುವ ಎರಡು ರೆಕ್ಕೆಗೆ ಎಂದ. ಬಿದ್ದುಹೋದ ಮೂರನೆಯದು ಯಾರ ತಲೆ ಮೇಲೂ ಬೀಳದೆ ಇದ್ದದ್ದಕ್ಕೆ ಎಂದ. ಆಮೇಲೆ ಅವನ ಹತ್ತಿರ ಏನೂ ಇರಲಿಲ್ಲ.

"ಸ್ತೋತ್ರ."

"ಯಾವುದಕ್ಕೆ?"

"ಸುಮ್ನೆ."

"ಸುಮ್ನೆ ಅನ್ನೋ ಹಾಗಿಲ್ಲ," ಎಂದರು ನಿವೃತ್ತ ಮೇಷ್ಟ್ರು ಬೆಂಚಿನ ತುದಿಯಿಂದ. "ಟವೆಲು."

ಆ ವಾರ ಸ್ತೋತ್ರಣ್ಣ ಒಗೆದ ಟವೆಲುಗಳನ್ನು ಗಂಟು ಹಾಕಿದ್ದರೆ ಚಂದ್ರನಿಂದ ಇಳಿದು ಬರಬಹುದಿತ್ತು. ಅವನ ಹೆಂಡತಿ ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಮಧ್ಯಾಹ್ನ ನಿದ್ದೆ ಮಾಡಿದಳು.

ಟವೆಲಿಗೆ ಹೆದರಿಯೋ ಏನೋ, ಅವನು ಸ್ತೋತ್ರಕ್ಕೆ ವಿಷಯ ಹುಡುಕತೊಡಗಿದ. ಸಾಮಾನು ಮುಗಿದ ಮೇಲೆ ಉಳಿದದ್ದು ತಲೆಗಳು. ಮೂವತ್ತು ವರ್ಷ ಕೈಯಾಡಿಸಿದ ತಲೆಗಳನ್ನು ಅವನು ಆಗ ನೋಡಿದ. ಮೇಷ್ಟ್ರ ನೆತ್ತಿಯಲ್ಲಿ ಎರಡು ಸುಳಿ, ಒಂದಕ್ಕೊಂದು ಬೆನ್ನು ಮಾಡಿಕೊಂಡಿದ್ದವು. ಬಸ್ ಡ್ರೈವರನ ಎಡಗಿವಿ ಬಲಗಿವಿಗಿಂತ ಒಂದು ಬೆರಳು ಕೆಳಗಿತ್ತು. ಬ್ಯಾಂಕಿನ ಕಾವಲುಗಾರನ ಕಿವಿಯ ಹಿಂದೆ ಉದ್ದಕ್ಕೆ ಒಂದು ಗಾಯದ ಗೆರೆ ಇತ್ತು.

"ಇದೇನಿದು?"

"ಅದಾ? ಚಿಕ್ಕವನಿದ್ದಾಗ ಬಾವಿಗೆ ಬಿದ್ದೆ. ಅಣ್ಣ ಇಳಿದು ಮೇಲೆ ಎತ್ತಿದ. ಆಗ ಕಲ್ಲು ತಾಗಿದ್ದು."

"ಇಷ್ಟು ವರ್ಷ ಹೇಳೇ ಇಲ್ಲ ನೀನು."

"ನೀವು ಕೇಳೇ ಇಲ್ಲ. ನಾನು ಶುರು ಮಾಡೋಷ್ಟರಲ್ಲಿ ಸ್ತೋತ್ರ ಅಂತಿದ್ರಿ. ಮುಗೀತೇನೋ ಅಂತ ಸುಮ್ನಾಗ್ತಿದ್ದೆ."

ಸ್ತೋತ್ರಣ್ಣನ ಕತ್ತರಿ ನಿಂತಿತು. ಮೆಲ್ಲಗೆ ಸ್ತೋತ್ರ ಎಂದ. ಬೆಂಚು ಬಾಯಿ ತೆರೆಯುವ ಮೊದಲೇ, "ಆ ಅಣ್ಣನ ಕೈಗೆ," ಎಂದ. ಬೆಂಚು ಬಾಯಿ ಮುಚ್ಚಿಕೊಂಡಿತು. ನಮ್ಮ ಬೆಂಚಿನ ಚರಿತ್ರೆಯಲ್ಲಿ ಅದು ಹಿಂದೆ ಆದದ್ದಿಲ್ಲ.

ಅಲ್ಲಿಂದ ಅವನಿಗೊಂದು ಹೊಸ ಅಭ್ಯಾಸ ಬಂತು. ಕುರ್ಚಿಯಲ್ಲಿ ಕೂತವನು ಮಾತಾಡಿದರೆ ಇವನ ಕೈ ನಿಲ್ಲುತ್ತದೆ. ಮಾತು ಮುಗಿದ ಮೇಲೆ ಮತ್ತೆ ಕತ್ತರಿ. ಇದರಿಂದ ಮಾತುಗಾರರ ಕ್ಷೌರ ಒಂದು ಹೊತ್ತಿಡೀ ಹಿಡಿಯತೊಡಗಿತು. ಡ್ರೈವರನ ತಲೆ ಕತ್ತರಿಸಿ ಮುಗಿಸುವಷ್ಟರಲ್ಲಿ ಮೊದಲು ಕತ್ತರಿಸಿದ ಕಡೆ ಮತ್ತೆ ಬೆಳೆದಿತ್ತು. ಆದರೂ ಯಾರೂ ಬೇರೆ ಅಂಗಡಿಗೆ ಹೋಗಲಿಲ್ಲ.

ಇಷ್ಟಾದರೂ ಅವನ ಮುಖದಲ್ಲಿ ಗೆಲುವಿರಲಿಲ್ಲ. ಕನ್ನಡಿಯಲ್ಲಿ ಎದುರಂಗಡಿಯ ಕಿಟಕಿ ಕಾಣುತ್ತದೆ. ಕಿಟಕಿಯಲ್ಲಿ ದರ್ಜಿಯ ಗಡ್ಡ ಕಾಣುತ್ತಿತ್ತು. ಆ ಗಡ್ಡ ಈಗ ಎರಡೂ ಕೆನ್ನೆಯಲ್ಲಿ ಬೆಳೆದಿತ್ತು. ನಮಗೆ ಎರಡೂ ಕಡೆ ಒಂದೇ ಥರ. ಸ್ತೋತ್ರಣ್ಣನಿಗೆ ಮಾತ್ರ ಎಡಗಡೆ ಐದು ದಿನ ಹಿರಿಯದಾಗಿ ಕಾಣುತ್ತಿತ್ತು. ಬೆಳಗಿನ ಪ್ರಾರ್ಥನೆಯಲ್ಲಿ ಕುರ್ಚಿಗೆ ಕೈಯಿಟ್ಟು "ದೇವರೇ, ಎದುರಂಗಡಿ..." ಎಂದು ಶುರುಮಾಡಿ ಅಲ್ಲೇ ನಿಂತುಬಿಡುತ್ತಿದ್ದ. ಮುಂದೆ ಹೋಗಲು ಆಗುತ್ತಿರಲಿಲ್ಲ. ನೀರು ಕುದಿಯುವ ಮೊದಲೇ ಪ್ರಾರ್ಥನೆ ಮುಗಿಯುತ್ತಿತ್ತು. ಮೂವತ್ತು ವರ್ಷದ ಬೀಗರು ಕೈತಪ್ಪಿ ಹೋದರೇ ಎಂಬ ಒಂದೇ ಯೋಚನೆ.

ಭಾನುವಾರ ಆರಾಧನೆಯಲ್ಲಿ ಸಭಾಪಾಲಕರು ಪ್ರಸಂಗದ ನಡುವೆ ಮೊದಲ ಜಾಗದಲ್ಲಿ ನಿಂತರು. ಮೂರನೆಯ ಸಾಲು ಸುಮ್ಮನಿತ್ತು. ಅವರು ನೀರು ಕುಡಿದರು. ಎರಡನೆಯ ಜಾಗದಲ್ಲಿ ನಿಂತು ಲೋಟ ಖಾಲಿ ಮಾಡಿದರು. ಮೂರನೆಯ ಜಾಗದಲ್ಲಿ ಕುಡಿಯಲು ನೀರಿರಲಿಲ್ಲ. ಖಾಲಿ ಲೋಟ ನೋಡಿ, ಕನ್ನಡಕ ಒರೆಸಿ, ಪ್ರಸಂಗವನ್ನು ಅಲ್ಲೇ ಮುಗಿಸಿಬಿಟ್ಟರು. ಹಿಂದಿನ ಸಾಲಿನವರು ಎಚ್ಚರವಾಗುವ ಹೊತ್ತಿಗೆ ದೇವಾಲಯಕ್ಕೆ ಬೀಗ ಹಾಕಿತ್ತು ಎಂದು ಕೆಲವರು ಹೇಳುತ್ತಾರೆ.

ಸೋಮವಾರ ಬೆಳಗ್ಗೆ ಸಭಾಪಾಲಕರೇ ಬಂದು ಕುರ್ಚಿಯಲ್ಲಿ ಕೂತರು. ಅವರ ತಲೆಯಲ್ಲಿ ಕತ್ತರಿಸಲು ಹೆಚ್ಚೇನೂ ಇಲ್ಲ, ಆದ್ದರಿಂದ ಮಾತಿಗೇ ಬಂದದ್ದೆಂದು ಎಲ್ಲರಿಗೂ ಗೊತ್ತಾಯಿತು.

"ಏನಪ್ಪ, ನನ್ನ ಪ್ರಸಂಗದಲ್ಲಿ ಏನಾದ್ರೂ ದೋಷ ಬಂತಾ?"

"ಇಲ್ಲ ಅಯ್ಯನವರೇ."

"ಮೂರು ಕಡೆ ನಿಂತು ಕಾದೆ. ಒಂದು ಕಡೆನೂ ನೀನು ಕೈ ಹಿಡೀಲಿಲ್ಲ."

"ನಾನು ಕೇಳಿಸಿಕೊಳ್ತಿದ್ದೆ ಅಯ್ಯನವರೇ. ಅದಕ್ಕೆ ಬಾಯಿಗೆ ಬರಲಿಲ್ಲ."

"ಹಾಗಾದ್ರೆ ಇಷ್ಟು ವರ್ಷ?"

"ಇಷ್ಟು ವರ್ಷ ಸ್ತೋತ್ರ ಹೇಳ್ತಿದ್ದೆ."

ಸಭಾಪಾಲಕರು ಕನ್ನಡಿಯಲ್ಲಿ ತಮ್ಮ ಮುಖವನ್ನು ಸ್ವಲ್ಪ ಹೊತ್ತು ನೋಡಿಕೊಂಡರು. "ನಮ್ಮ ಮನೆಯವಳು ಹೇಳ್ತಾಳೆ, ನಾನು ನಿದ್ದೆಯಲ್ಲೂ ಆಮೆನ್ ಅಂತೀನಂತೆ," ಎಂದರು. "ಪ್ರಾರ್ಥನೆ ಮಾತ್ರ ಕೇಳಿಸೋದಿಲ್ವಂತೆ." ಆಮೇಲೆ, "ದರ್ಜಿ ಹತ್ರ ಹೋಗಿದ್ಯಾ?"

"ಹೋಗಿದ್ದೆ. ಬಾಗಿಲು ಎಳೆದ್ರು."

"ಇನ್ನೊಂದು ಸಲ ಹೋಗು."

"ಹೋಗಿ ಏನು ಹೇಳಲಿ?"

"ಏನೂ ಹೇಳಬೇಡ. ಕಷ್ಟ ಅಂತ ಗೊತ್ತು. ಆದ್ರೂ ಹೋಗು. ನೀನು ಭಾನುವಾರ ಅಲ್ಲಿ ಬಂದು ಕೂರೋದಕ್ಕಿಂತ ಮೊದಲು ಈ ಬೀದಿ ದಾಟಿದ್ರೆ ದೇವರಿಗೂ ಸಂತೋಷ, ನನಗೂ ನೀರು ಕುಡಿಯೋಕೆ ಹೊತ್ತು ಸಿಗುತ್ತೆ."

ಬುಧವಾರ ಮಧ್ಯಾಹ್ನ ಸ್ತೋತ್ರಣ್ಣ ಬೀದಿ ದಾಟಿದ. ಕೈಯಲ್ಲಿ ಪೆಟ್ಟಿಗೆ ಇತ್ತು. ಬರಿಗೈಯಲ್ಲಿ ಹೋದರೆ ಕೈ ಎಲ್ಲಿಡುವುದೆಂದು ಅವನಿಗೆ ತಿಳಿಯುವುದಿಲ್ಲ. ಒಳಗೆ ನಡೆದದ್ದನ್ನು ಇಬ್ಬರೂ ಬೇರೆಬೇರೆಯಾಗಿ ಹೇಳಿದ್ದಾರೆ. ಇಬ್ಬರ ಮಾತು ಹೊಂದುವ ಕಡೆ ಹಾಗೇ ಬರೆದಿದ್ದೇನೆ, ಹೊಂದದ ಕಡೆ ನನಗೆ ಸರಿ ಕಂಡದ್ದನ್ನು.

ದರ್ಜಿ ಹೊಲಿಗೆ ಯಂತ್ರದ ಮುಂದಿದ್ದ. ಇವನನ್ನು ನೋಡಿ ಕಾಲು ನಿಲ್ಲಿಸಿದ. ಸ್ತೋತ್ರಣ್ಣ ಬಾಗಿಲಲ್ಲಿ ತುಟಿ ಬಿಗಿದುಕೊಂಡು ನಿಂತ. ಕೊನೆಗೆ ಅವನು ಒಂದೊಂದೇ ಮಾತನ್ನು ನೋಡಿ ನೋಡಿ ಹೊರಗಿಟ್ಟ:

"ಅಮ್ಮ ಹೇಗೆ ಹೋದ್ರು ಅಂತ ಕೇಳೋಕೆ ಬಂದೆ. ಅವತ್ತೇ ಕೇಳಬೇಕಾಗಿತ್ತು. ತಪ್ಪಾಯ್ತು."

ದರ್ಜಿ ತಲೆ ತಗ್ಗಿಸಿದ. ಅವನ ಹೆಗಲು ನಡುಗತೊಡಗಿತು. ಅಳುತ್ತಿದ್ದಾನೆಂದು ತಿಳಿದು ಸ್ತೋತ್ರಣ್ಣ ಪೆಟ್ಟಿಗೆ ಕೆಳಗಿಟ್ಟು ಹತ್ತಿರ ಹೋದ.

"ಕೇಳಿದ್ರಲ್ಲ," ಎಂದ ದರ್ಜಿ, ಉಸಿರು ಹಿಡಿದುಕೊಂಡು. "ಯಾವ ಬಸ್ಸಿಗೆ ಅಂತ."

ಅಷ್ಟು ಹೇಳಿದವನೇ ಯಂತ್ರದ ಮೇಲೆ ತಲೆಯಿಟ್ಟು ನಕ್ಕ. ಮೂವತ್ತು ವರ್ಷದಲ್ಲಿ ಆ ಮನುಷ್ಯ ನಕ್ಕದ್ದನ್ನು ನಾವು ಕಂಡದ್ದು ಎರಡೋ ಮೂರೋ ಸಲ. ಉಳಿಸಿಟ್ಟಿದ್ದದ್ದೆಲ್ಲ ಅವತ್ತು ಹೊರಬಂತು. ಕಿಟಕಿಯ ಮೇಲಿನ ಪಾರಿವಾಳಗಳು ಹಾರಿಹೋಗಿ ಮೂರು ದಿನ ವಾಪಸು ಬರಲಿಲ್ಲ.

ಸ್ತೋತ್ರಣ್ಣ ಬಾಯಿ ಬಿಟ್ಟುಕೊಂಡು ನಿಂತಿದ್ದ. "ಬೀಗರೇ, ನೀವು ಸಿಟ್ಟಾಗಿ ಎದ್ದು ಹೋದ್ರಿ ಅಂದ್ಕೊಂಡಿದ್ದೆ."

"ಸಿಟ್ಟೂ ಬಂತು. ಎರಡು ಹೆಜ್ಜೆ ಸಿಟ್ಟಲ್ಲೇ ಇಟ್ಟೆ. ಮೂರನೇ ಹೆಜ್ಜೆಗೆ ನಗು ಬಂತು. ಒಳಗೆ ಅಮ್ಮ ಮಲಗಿದ್ದಾಳೆ, ಮಗ ಬೀದಿಯಲ್ಲಿ ನಗ್ತಾ ಬರ್ತಾನೆ ಅಂದ್ರೆ ಹೇಗಿರುತ್ತೆ? ಕೆನ್ನೆ ಕಚ್ಚಿಕೊಂಡು ಓಡಿದೆ."

"ಮೂರನೇ ದಿನ ಬಾಗಿಲು ಎಳೆದ್ರಲ್ಲ?"

"ಒಳಗೆ ಅಕ್ಕ, ಭಾವ, ಚಿಕ್ಕಮ್ಮ ಎಲ್ಲ ಕೂತು ಅಳ್ತಿದ್ರು. ನೀವು ಬಂದು ಮತ್ತೆ ಅದೇ ಅಂದ್ರಿ. ಬಾಗಿಲು ಎಳೀದೆ ಇನ್ನೇನು ಮಾಡಲಿ?"

"ಮತ್ತೆ ಈ ಗಡ್ಡ?"

"ನಿಮ್ಮ ಕುರ್ಚಿಯಲ್ಲಿ ಕೂತ್ರೆ ನಗು ಬರುತ್ತೆ. ಕುತ್ತಿಗೆ ಮೇಲೆ ಕತ್ತಿ ಇರುವಾಗ ನಗೋದು ಅಪಾಯ. ಬೇರೆಯವರ ಹತ್ರ ಹೋಗೋಕೆ ಮನಸ್ಸಿಲ್ಲ."

ಇಬ್ಬರೂ ಸೇರಿ ಇನ್ನೊಂದು ಸುತ್ತು ನಕ್ಕರು. ನಕ್ಕು ಸುಸ್ತಾದ ಮೇಲೆ ದರ್ಜಿ ಕಣ್ಣೊರೆಸಿಕೊಂಡು, ಬಟ್ಟೆಯ ತುಂಡೊಂದನ್ನು ಮಡಿಸುತ್ತ ಹೇಳಿದ: "ನೋವಾಗಲಿಲ್ಲ ಅಂತ ಹೇಳೋದಿಲ್ಲ. ಅವತ್ತು ಗಡ್ಡ ಬರೀ ನೆಪ. ಅಮ್ಮ ಹೋದದ್ದನ್ನ ಮೊದಲು ನಿಮಗೆ ಹೇಳೋಣ ಅಂತ ಬಂದಿದ್ದೆ. ಪೂರ್ತಿ ಹೇಳೋಕೆ ಆಗಲಿಲ್ಲ."

ಸ್ತೋತ್ರಣ್ಣ ಪೆಟ್ಟಿಗೆ ತೆರೆದ. ಬಟ್ಟೆ ಹಾಕಿಕೊಂಡು ನೋಡುವ ನಿಲುವುಗನ್ನಡಿಯ ಮುಂದೆ ಸ್ಟೂಲು ಇಟ್ಟು, ಬೀಗರನ್ನು ಕೂರಿಸಿ, ನೊರೆ ಹಚ್ಚಿದ. "ಈಗ ಹೇಳಿ," ಎಂದ.

ದರ್ಜಿ ಹೇಳಿದ. ಮಾತು ಬಂದಾಗ ಕತ್ತಿ ನಿಲ್ಲುತ್ತಿತ್ತು, ಮಾತು ನಿಂತಾಗ ಕತ್ತಿ ನಡೆಯುತ್ತಿತ್ತು. ಬಾಕಿ ಇದ್ದ ಎಡಗೆನ್ನೆಯಿಂದಲೇ ಶುರುಮಾಡಿದ್ದ. ಅದೊಂದೇ ಕೆನ್ನೆ ಮುಕ್ಕಾಲು ಗಂಟೆ ಹಿಡಿಯಿತು. ಅಮ್ಮ ಅವತ್ತು ಐದೂವರೆಗೇ ಎದ್ದು ಕಿಟಕಿಯ ಹತ್ತಿರ ಕೂತಿದ್ದಳು. ಬೆಳಕು ಆಗತಾನೇ ಬರುತ್ತಿತ್ತು. ದೀಪ ಹಾಕಲೇ ಎಂದರೆ ಬೇಡ ಎಂದಳು. ಸೂಜಿಯನ್ನು ಬೆಳಕಿಗೆ ಹಿಡಿದು ದಾರ ಪೋಣಿಸುತ್ತಿದ್ದಳು, ಕನ್ನಡಕ ಇಲ್ಲದೆ. ಒಂದು ಸಲ ತಪ್ಪಿತು, ಎರಡು ಸಲ ತಪ್ಪಿತು. ಕೊಡಮ್ಮ ನಾನು ಹಾಕ್ತೀನಿ ಎಂದು ಇವನು ಎದ್ದ. ಅಷ್ಟರಲ್ಲಿ ದಾರ ಹೋಯಿತು. "ಸಿಕ್ತು ನೋಡೋ" ಎಂದು ನಕ್ಕು, ಸೂಜಿಯನ್ನು ಸೂಜಿದಿಂಬಿಗೆ ಚುಚ್ಚಿ, ಕಿಟಕಿಗೆ ಒರಗಿದಳು.

"ಅಷ್ಟೇ," ಎಂದ ದರ್ಜಿ.

ಸ್ತೋತ್ರಣ್ಣ ಕತ್ತಿಯನ್ನು ಗ್ಲಾಸಿನಲ್ಲಿಟ್ಟ. ಬಾಯಲ್ಲಿ ಹಳೆಯ ಮಾತು ಎದ್ದು ಬಂದದ್ದು ದರ್ಜಿಗೂ ಕಂಡಿತು. ಆದರೆ ಅವನು ಕೇಳಿದ್ದು ಬೇರೆ.

"ಯಾವ ಬಣ್ಣದ ದಾರ?"

ದರ್ಜಿ ನೊರೆಯ ಸಮೇತ ತಿರುಗಿದ. "ಇಷ್ಟು ಜನ ಬಂದು ಹೋದ್ರು. ಇದನ್ನ ಯಾರೂ ಕೇಳಲಿಲ್ಲ."

ಎದ್ದು ಹೋಗಿ ಕಿಟಕಿಯ ಹತ್ತಿರದ ಸೂಜಿದಿಂಬು ತಂದ. ಅವತ್ತಿನಿಂದ ಯಾರೂ ಅದನ್ನು ಮುಟ್ಟಿರಲಿಲ್ಲ. ಸೂಜಿ ಹಾಗೇ ಇತ್ತು, ಖಾಕಿ ದಾರ ಎರಡು ಗೇಣು ಇಳಿಬಿದ್ದಿತ್ತು. ಇಬ್ಬರೂ ತಲೆ ಬಗ್ಗಿಸಿ ಅದನ್ನು ನೋಡಿದರು.

"ಯಾವ ಬಟ್ಟೆಗೆ ಹಾಕೋಕೆ ಹೊರಟಿದ್ರು?"

"ಗೊತ್ತಿಲ್ವಲ್ಲ."

ಹುಡುಕದೆ ಇರಲು ಸಾಧ್ಯವೇ? ದರ್ಜಿಯ ಅಂಗಡಿಯಲ್ಲಿ ಹೊಲಿಯಲು ಕೊಟ್ಟ ಬಟ್ಟೆಯ ರಾಶಿ ಎಂದರೆ ಹೋದ ತಲೆಮಾರಿನವರದ್ದೂ ಅಡಿಯಲ್ಲಿ ಇರುತ್ತದೆ. ಒಬ್ಬನ ಮದುವೆಯ ಪ್ಯಾಂಟು ಸಿಕ್ಕಿತು. ಆತನ ಮಗನಿಗೆ ಈಗ ಮದುವೆಯಾಗಿದೆ. ಅರ್ಧ ಮುಖದಲ್ಲಿ ನೊರೆ ಒಣಗಿ ಬಿರುಕು ಬಿಡುತ್ತಿದ್ದರೂ ದರ್ಜಿ ಮೊಣಕಾಲೂರಿ ಒಂದೊಂದೇ ಬಟ್ಟೆ ಎತ್ತಿ ಕೊಟ್ಟ, ಸ್ತೋತ್ರಣ್ಣ ಕಿಟಕಿಯ ಬೆಳಕಿಗೆ ಹಿಡಿದು ಗುಂಡಿ ಎಣಿಸಿದ. ಕೊನೆಗೆ, ಎಲ್ಲ ಹುಡುಕಿ ಮುಗಿದ ಮೇಲೆ, ಅಮ್ಮನ ಕುರ್ಚಿಯ ಬೆನ್ನಿಗೇ ಹಾಕಿದ್ದ ಕೋಟು ಕಣ್ಣಿಗೆ ಬಿತ್ತು. ಅಂಚೆಯವನ ಖಾಕಿ ಕೋಟು. ಎದೆಯ ಮೇಲೆ ಎರಡನೆಯ ಗುಂಡಿ ಇರಲಿಲ್ಲ. ಅದು ಜೇಬಿನಲ್ಲೇ ಇತ್ತು.

ಸ್ತೋತ್ರಣ್ಣ ಕೋಟನ್ನು ಬಿಗಿಯಾಗಿ ಹಿಡಿದ, ದರ್ಜಿ ಅಮ್ಮನ ಸೂಜಿಯಿಂದಲೇ ಗುಂಡಿ ಹೊಲಿದ. ದಾರ ಸರಿಯಾಗಿ ಸಾಕಾಯಿತು. ಗಂಟು ಹಾಕಿ ಹಲ್ಲಿನಿಂದ ಕಡಿದ ಮೇಲೆ ಸ್ತೋತ್ರಣ್ಣ ಕಣ್ಣು ಮುಚ್ಚಿದ. ಮೂರನೆಯ ಸಾಲಿನ ಆ ಗಂಟಲಲ್ಲ; ಪಕ್ಕದಲ್ಲಿದ್ದವನಿಗೆ ಮಾತ್ರ ಕೇಳುವಷ್ಟು.

"ದೇವರೇ, ಅಮ್ಮನ ಕೈಗೆ ಸ್ತೋತ್ರ. ಆ ಬೆಳಗಿನ ಬೆಳಕಿಗೆ ಸ್ತೋತ್ರ. ಈ ಬೀಗರಿಗೆ..." ಎಂದು ಅಲ್ಲಿ ನಿಂತು, ಎರಡು ಸಲ ಉಸಿರೆಳೆದುಕೊಂಡು, ಸ್ತೋತ್ರ ಎಂದ.

"ಆಮೆನ್," ಎಂದ ದರ್ಜಿ. ಆಮೇಲೆ, ಭಾವುಕತೆ ಅವನ ಅಳತೆಗೆ ಹೆಚ್ಚಾಯಿತೋ ಏನೋ, "ಹಾಕಿಕೊಳ್ಳಿ ನೋಡೋಣ, ಗುಂಡಿ ನೇರ ಇದೆಯಾ," ಎಂದು ಕೋಟನ್ನು ಇವನಿಗೆ ತೊಡಿಸಿದ.

ಸ್ತೋತ್ರಣ್ಣ ನಿಲುವುಗನ್ನಡಿಯ ಮುಂದೆ ನೆಟ್ಟಗೆ ನಿಂತ. ದರ್ಜಿ ಅವನ ಹಿಂದೆ, ಒಂದು ಕೆನ್ನೆ ನುಣ್ಣಗೆ, ಇನ್ನೊಂದರಲ್ಲಿ ಎರಡು ವಾರದ ಗಡ್ಡ, ಗಡ್ಡದ ಮೇಲೆ ಒಣಗಿದ ನೊರೆ. ಆ ಗಳಿಗೆಗೇ ಬೇಕರಿ ಅಕ್ಕ ತನ್ನ ಏಪ್ರನ್ ಕೇಳಿಕೊಂಡು ಒಳಗೆ ಬಂದಳು. ಮೊದಲು ಒಬ್ಬನನ್ನು ನೋಡಿದಳು, ಆಮೇಲೆ ಇನ್ನೊಬ್ಬನನ್ನು.

"ಇದ್ಯಾವಾಗಿಂದ?" ಎಂದಳು ಸ್ತೋತ್ರಣ್ಣನ ಕೋಟು ನೋಡಿ. "ನಮಗೇನಾದ್ರೂ ಕಾಗದ ಇದೆಯಾ?"

"ಸ್ವಲ್ಪ ಕೂತ್ಕೊಳಿ ಅಕ್ಕಾ," ಎಂದ ದರ್ಜಿ, ಸ್ಟೂಲಿನ ಮೇಲೆ ಕೂರುತ್ತ. "ಅಂಚೆಯವರು ಮೊದಲು ನನ್ನ ಬಲಗೆನ್ನೆ ಮುಗಿಸಬೇಕು."